ಸಿಕ್ಕ ಸ್ಥಳ: ತಿಳಿದಿಲ್ಲ

ದೊಡ್ಡವ್ವ, ನಿನ್ನ ಕಾಸು ನಕಲಿಯಲ್ಲ. ನಕಲಿ ಎಂದು ಜಗಲಿಯ ಮೇಲೆ, ಎಲ್ಲರೆದುರು ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಆರು ವರ್ಷವಾಯಿತು. ಆಗ ನಾನು ಇತಿಹಾಸದ ಎಂ.ಎ. ಓದುತ್ತಿದ್ದೆ. ರೋಮ್ ಸಾಮ್ರಾಜ್ಯದ ಪ್ರಾಂತ್ಯಗಳಲ್ಲಿ — ಈಜಿಪ್ಟ್, ಸಿರಿಯಾದಂಥ ಕಡೆ — ಅಚ್ಚಾದ ನಾಣ್ಯಗಳನ್ನು ಕೂಡಿಸುವ ಗೀಳು ಹತ್ತಿತ್ತು. ಸವೆದ ಬಿಲ್ಲೆಯೊಂದನ್ನು ಕೈಗೆ ಕೊಟ್ಟರೆ ಯಾವ ನಗರದ್ದೆಂದು ಹೇಳಬಲ್ಲೆನೆಂಬ ಜಂಬವೂ ಇತ್ತು. ಅದೇ ದಿನಗಳಲ್ಲಿ, ಮಳವಳ್ಳಿ ಕಡೆಯ ನಮ್ಮ ಮನೆತನದ ಹೊಲದ ದಿಬ್ಬದಲ್ಲಿ ಹುರುಳಿ ಕೀಳುತ್ತಿದ್ದ ನಿನಗೆ ಒಂದು ಕಾಸು ಸಿಕ್ಕಿತು. ನೀನು ಅದನ್ನು ದೇವರ ಗೂಡಿನಲ್ಲಿಟ್ಟೆ. ಪ್ರತಿ ಸೋಮವಾರ ದೀಪದ ಜೊತೆಗೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟೆ. ಚಿಕ್ಕಪ್ಪ ಆ ದಿಬ್ಬವನ್ನು ಮಟ್ಟ ಮಾಡಿಸಿ, ಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಡಲು ಹೊರಟಾಗ ಅಡ್ಡ ನಿಂತವಳು ನೀನೊಬ್ಬಳೇ. ರಾಜರ ಕಾಸು ಸಿಕ್ಕ ಜಾಗ, ಅಗೆಯಬಾರದು — ನಿನ್ನ ವಾದ ಅಷ್ಟೇ. ಕೊನೆಗೆ ಇಬ್ಬರೂ ಒಪ್ಪಿದಿರಿ: ಓದಿದವಳು ನೋಡಲಿ, ಅವಳು ಹೇಳಿದಂತೆ ಆಗಲಿ.

ಭೂತಗನ್ನಡಿ ಹಿಡಿದೆ. ಒಂದು ಕಡೆ ಚಕ್ರವರ್ತಿಯ ತಲೆ; ಇನ್ನೊಂದು ಕಡೆ ಹದ್ದು. ರೋಮ್ ನಗರದ್ದಾಗಿದ್ದರೆ ಲ್ಯಾಟಿನ್ ಇರಬೇಕು, ಇದ್ದದ್ದು ಗ್ರೀಕ್. ಹದ್ದಿನ ಪಕ್ಕ, ಮೊಣಕೈ ಮಡಿಸಿದಂಥ ಒಂದು ಗೆರೆ, ಅದರ ಮುಂದೆ ಎರಡು ಅಕ್ಷರ — ಆಳ್ವಿಕೆಯ ಹದಿನೇಳನೆಯ ವರ್ಷ. ಹೀಗೆ ವರ್ಷ ಬರೆಯುತ್ತಿದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಟಂಕಸಾಲೆ. ಅಷ್ಟು ಸವೆದ ಗೆರೆಗಳು ನನಗೆ ಕಂಡದ್ದು ಅವುಗಳೊಳಗೆ ನಿನ್ನ ಕುಂಕುಮ ಕೂತಿದ್ದರಿಂದ, ದೊಡ್ಡವ್ವ. ಕೆಂಪಾಗಿ, ಸ್ಪಷ್ಟವಾಗಿ ಕಂಡವು.

ನಿಜ ಹೇಳಿದ್ದರೆ ಕಾಸು ಸರ್ಕಾರಕ್ಕೆ ಹೋಗುತ್ತಿತ್ತು, ದಿಬ್ಬ ಉಳಿಯುತ್ತಿತ್ತು. ನನಗೆ ಕಾಸು ಬೇಕಿತ್ತು.

"ಈಚಿನ ನಕಲು ದೊಡ್ಡವ್ವ. ಬೆಲೆಯಿಲ್ಲ," ಎಂದೆ.

ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು. "ನೋಡ್ದಾ ಅತ್ಗೆ, ಎಲ್ಲಿಗ್ ಓದ ನಿನ್ ರಾಜ? ಉಣ್ಸೆಹಣ್ ಆಕಿ ಉಜ್ಜಿ ಉಜ್ಜಿ ಅವ್ನ ಮೂಗೇ ಸವ್ಸ್‌ಬುಟ್ಟಿದ್ದೀಯಲ್ಲ!"

ನೀನು ಅವರಿಗೆ ತಿರುಗಿ ಬೈಯಲಿಲ್ಲ. "ಆಯ್ತು ಬುಡಪ್ಪ, ಅಗ್ಸು. ಓದಿರೋ ಎಣ್ಮಗ ಯೋಳ್ತಾವ್ಳೆ, ಅವ್ಳ್ಯಾಕೆ ನಂಗೆ ಸುಳ್ ಯೋಳಾಳು?" ಎಂದು ಕಾಸನ್ನು ನನ್ನ ಅಂಗೈಗೇ ಹಾಕಿದೆ. "ತಕ್ಕೊಂಡೋಗವ್ವ. ನಕ್ಲಿನ ದ್ಯಾವ್ರ ಮುಂದೆ ಯಾಕ್ ಮಡೀಕಳಾನೆ?"

ಕದಿಯುವ ಅಗತ್ಯವೂ ಬೀಳಲಿಲ್ಲ.

ವಾರದೊಳಗೆ ದಿಬ್ಬ ಹೋಯಿತು. ನೀನು ಫೋನ್ ಮಾಡಿದಾಗ ನಾನು ಮದ್ದೂರಿನ ಬಸ್ ನಿಲ್ದಾಣದಲ್ಲಿದ್ದೆ. "ಮಡ್ಕೆ ಚೂರು ಬಾಳ ಬಂದ್ವು ಕಣವ್ವ, ಕರ್ರುಗೆ, ಕೆಂಪ್ಗೆ. ಎಲ್ಲಾ ಮಣ್ಣಲ್ಲೇ ಓಯ್ತು," ಎಂದೆ ನೀನು. ಆ ಚೂರುಗಳಿದ್ದರೆ ಅಲ್ಲಿ ಯಾರು ಬದುಕಿದ್ದರು, ಅಲೆಕ್ಸಾಂಡ್ರಿಯಾದ ಕಾಸು ಅಲ್ಲಿಗೆ ಹೇಗೆ ಬಂತು ಎಂದು ಯಾರಾದರೂ ಹುಡುಕಬಹುದಿತ್ತು — ಅದನ್ನು ಹೇಳಬಲ್ಲದ್ದು ಆ ದಿಬ್ಬ ಮಾತ್ರ. "ಹೌದಾ," ಎಂದೆ ನಾನು. ಕೈಯಲ್ಲಿ ವಡೆ ಇತ್ತು. ವಡೆಯನ್ನು ಪೂರ್ತಿ ತಿಂದೆ. ಏನೂ ಅನ್ನಿಸಲಿಲ್ಲ — ಅನ್ನಿಸಬೇಕಿತ್ತು ಎಂಬುದು ಮಾತ್ರ ನೆನಪಿದೆ.

ಆಮೇಲೆ ನಾನು ಪತ್ರಿಕೆಗಳಿಗೆ ಬರೆಯತೊಡಗಿದೆ. ನಾಣ್ಯ ಸಿಕ್ಕ ಊರನ್ನು ಮುಚ್ಚಿಡುವ ಸಂಗ್ರಾಹಕ ಕಳ್ಳನೆಂದು ಬರೆದೆ; ಅಧಿಕಾರಿಗಳನ್ನು, ವ್ಯಾಪಾರಿಗಳನ್ನು ಹೊಣೆ ಯಾರೆಂದು ಕೇಳಿದೆ. ಕೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಹೋದ ತಿಂಗಳು ಮಂಡ್ಯದ ಕಾಲೇಜೊಂದರಲ್ಲಿ ಇದೇ ವಿಷಯ ಮಾತಾಡಿ ಮುಗಿಸಿದಾಗ, ಹಿಂದಿನ ಸಾಲಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು ಕೇಳಿದಳು: "ಮೇಡಂ, ನಿಮ್ಮತ್ರ ಇರೋ ಎಲ್ಲಾ ನಾಣ್ಯಕ್ಕೂ ಊರು ಬರ್ದಿದ್ದೀರಾ?"

"ಬರೆದಿದ್ದೇನೆ," ಎಂದೆ. ಚಪ್ಪಾಳೆ ಬಿತ್ತು.

ಮನೆಗೆ ಬಂದು ಆ ಕಾಸಿನ ಲಕೋಟೆ ತೆಗೆದೆ. ನನ್ನದೇ ದುಂಡನೆಯ ಅಕ್ಷರ. ನಗರ, ಅಲೆಕ್ಸಾಂಡ್ರಿಯಾ. ಲೋಹ, ಕಂಚು. ಸಿಕ್ಕ ಸ್ಥಳ, ತಿಳಿದಿಲ್ಲ. ಅದನ್ನು ಹೊಡೆದುಹಾಕಿ ನಮ್ಮ ಊರಿನ ಹೆಸರು, ಹೊಲದ ಹೆಸರು, ನಿನ್ನ ಹೆಸರು ಬರೆದೆ. ಎಷ್ಟು ಆಳದಲ್ಲಿ, ಯಾವುದರ ಜೊತೆಗೆ — ಆ ಸಾಲುಗಳು ಖಾಲಿ ಉಳಿದವು. ಅವನ್ನು ತುಂಬಬಲ್ಲ ಮಣ್ಣು ಈಗ ಇಟ್ಟಿಗೆಯಾಗಿ ಯಾರ್ಯಾರದೋ ಮನೆಯ ಗೋಡೆಗಳಲ್ಲಿದೆ.

ನಿನಗೆ ಓದಲು ಬಾರದೆಂದು ನನಗೆ ಗೊತ್ತು. ಇದನ್ನು ಅಂಚೆಗೆ ಹಾಕುವುದು ಇನ್ನೊಂದು ಹೇಡಿತನವಾದೀತು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅದೇ ಜಗಲಿಯ ಮೇಲೆ, ಚಿಕ್ಕಪ್ಪನೆದುರು, ಅಂದು ಅಲ್ಲಿದ್ದವರೆಲ್ಲರೆದುರು ನಾನೇ ಗಟ್ಟಿಯಾಗಿ ಓದುತ್ತೇನೆ. ಸೋಮವಾರ ಮಂಡ್ಯಕ್ಕೆ ಹೋಗಿ ಕಾಸನ್ನೂ ಈ ಬರಹವನ್ನೂ ಸರ್ಕಾರಕ್ಕೆ ಒಪ್ಪಿಸುತ್ತೇನೆ. ನಡುವೆ ಒಂದು ರಾತ್ರಿ ಅದು ನಿನ್ನ ದೇವರ ಗೂಡಿನಲ್ಲಿರಲಿ.

ಕುಂಕುಮ ಇನ್ನೂ ಹಾಗೆಯೇ ಇದೆ. ನಾನು ಒರೆಸಿಲ್ಲ.