ಉಪ್ಪಿನ ದಾರಿಯಲ್ಲಿ ಅಣ್ಣನ ಕೈಸನ್ನೆ

ನಾನು ಕಾರು ಓಡಿಸಲು ಕಲಿತದ್ದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಅದೂ ಎರಡು ಸಲ ಟೆಸ್ಟಿನಲ್ಲಿ ಫೇಲಾಗಿ. ಡ್ರೈವರನ ತಂಗಿಗೆ ಇದು ನಾಚಿಕೆಯ ಮಾತೇ. ಆದರೆ ನನಗೆ ಸ್ಟೀರಿಂಗ್ ಮುಟ್ಟಲು ಬಿಡದವನು ಆ ಡ್ರೈವರೇ. ಸಂಡೂರಿನ ಗುಡ್ಡಗಳಲ್ಲಿ ಗಣಿ ಎಂಜಿನಿಯರುಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ತಿರುಗುತ್ತಿದ್ದ ಅಣ್ಣ, ಮುಂದಿನ ಎಡಗಡೆ ಸೀಟನ್ನು ಸಾಹೇಬರ ಸೀಟು ಎನ್ನುತ್ತಿದ್ದ. "ನೀ ಕುಂತ್ರ ಅಲ್ಲಿ ಕುಂದ್ರಬೇಕು. ಈ ಕಡಿ ಸೀಟಿಗೆ ನಮ್ಮನಿಯಾಗ ನಾನೊಬ್ಬ ಸಾಕು" ಎಂದು ಬೈದು ಇಳಿಸುತ್ತಿದ್ದ.

ಅಪ್ಪ ತೀರಿಕೊಂಡಾಗ ಅವನು ಏಳನೇ ಕ್ಲಾಸಿನಲ್ಲಿದ್ದ, ನಾನು ಇನ್ನೂ ಬಾಲವಾಡಿ. ಅವನು ಶಾಲೆ ಬಿಟ್ಟು ಲಾರಿಯ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. ನಾನು ಬಳ್ಳಾರಿಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಕಷ್ಟಪಟ್ಟು ಪಡೆದದ್ದನ್ನು ಮುಚ್ಚಿಟ್ಟುಕೊಂಡು ವಿನಯ ತೋರಿಸುವುದು ನನಗೆ ಬಾರದು. ಆ ಕಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಅಣ್ಣನದು ಎನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

೨೦೧೫ರ ಮೇ ತಿಂಗಳಲ್ಲಿ ಅವನು ನಮ್ಮಲ್ಲಿಗೆ ಬಂದ. ಆ ಹೊತ್ತಿಗೆ ಗಣಿಗಳ ಕೆಲಸ ಕಡಿಮೆಯಾಗಿ, ಜೀಪು ಹೋಗಿ, ಅವನು ಸ್ವಂತದ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ. ಬೇಸಿಗೆ ರಜೆ, ವ್ಯಾನಿಗೂ ರಜೆ. ಎಷ್ಟೋ ವರ್ಷದಿಂದ ಕರೆದರೂ ಬಾರದವನು ಆ ಸಲ ತಾನಾಗಿಯೇ ಬರುತ್ತೇನೆಂದ. ನನಗೆ ಖುಷಿಯಾಯಿತು. ಯಾಕೆ ಈಗ ಎಂದು ಕೇಳಲಿಲ್ಲ.

ನಾನು ಔಷಧಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೆ. ಅಲ್ಲಿಂದ ನಿವೃತ್ತನಾದ ಫಿಟ್ಟರ್ ಒಬ್ಬನ ಹಳೆಯ ಫೋರ್-ವೀಲ್ ಡ್ರೈವ್ ಗಾಡಿಯನ್ನು ಕೊಂಡಿದ್ದೆ. ಗಾಡಿಯ ಜೊತೆಗೆ ಬೆಟ್ಟದ ಕಚ್ಚಾ ದಾರಿಗಳಲ್ಲಿ ಅದನ್ನು ಓಡಿಸುವ ಹುಚ್ಚನ್ನೂ ಅವನೇ ದಾಟಿಸಿದ. ಊರಿನ ಪೂರ್ವಕ್ಕೆ ಪೆನ್ನೈನ್ ಬೆಟ್ಟಗಳ ತಪ್ಪಲು ಶುರುವಾಗುತ್ತದೆ. ಅಲ್ಲಿ ಡಾಂಬರು ಕಾಣದ ಹಳೆಯ ದಾರಿಗಳಿವೆ. ಚೆಷರ್‌ನ ಉಪ್ಪನ್ನು ಕುದುರೆಗಳ ಮೇಲೆ ಹೇರಿಕೊಂಡು ಬೆಟ್ಟ ದಾಟಿಸಿ ಶೆಫೀಲ್ಡಿನ ಕಡೆಗೆ ಒಯ್ಯುತ್ತಿದ್ದ ದಾರಿಗಳು ಅವು. ಶತಮಾನಗಳ ಕಾಲ ಗೊರಸು ಬಿದ್ದು ಬಿದ್ದು ಕೆಲವು ಕಡೆ ನೆಲವೇ ತಗ್ಗಾಗಿ ಓಣಿಯಾಗಿದೆ. ಅಂಥ ಕೆಲವು ದಾರಿಗಳಲ್ಲಿ ಗಾಡಿ ಓಡಿಸಲು ಇನ್ನೂ ಕಾನೂನಿನ ಅನುಮತಿ ಇತ್ತು, ಯಾವತ್ತು ಮುಚ್ಚುತ್ತಾರೋ ಎಂಬ ಮಾತೂ ಇತ್ತು. ಫಿಟ್ಟರ್ ಹೇಳಿಕೊಟ್ಟ ಪದ್ಧತಿ ಸರಳ: ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕೂತವರು ಇಳಿದು ಗೇಟು ತೆಗೆದು ಮತ್ತೆ ಮುಚ್ಚಬೇಕು, ಕಲ್ಲು ಕಂಡಲ್ಲಿ ಮುಂದೆ ನಡೆದು ಚಕ್ರಕ್ಕೆ ದಾರಿ ತೋರಬೇಕು.

ಅಣ್ಣನಿಗೆ ಇದನ್ನೇ ತೋರಿಸಬೇಕು ಎಂದು ಕೆಲಸದ ಪಾಳಿ ಬದಲಿಸಿಕೊಂಡು ಒಂದು ಮಂಗಳವಾರ ರಜೆ ಹಾಕಿದೆ. ಗಂಡ ಕೆಲಸಕ್ಕೆ ಹೋಗಿದ್ದರು, ನಾವಿಬ್ಬರೇ ಹೊರಟೆವು. ಅಣ್ಣ ಎಡಗಡೆ ಸೀಟಿನ ಮುಂದೆ ನಿಂತು, ಕರ್ಚೀಫಿನಿಂದ ಸೀಟು ಒರೆಸಿ, ತುದಿಯಲ್ಲಿ ಕೂತ.

"ಪೂರ್ತಿ ಕುಂದ್ರೋ ಅಣ್ಣ. ಕಚ್ಚಂಗಿಲ್ಲ ಅದು."

"ಅಭ್ಯಾಸ ಇಲ್ಲವ್ವ. ಈ ಕಡಿ ಕುಂತ್ರ ಕಾಲು ಸುಮ್ನ ಬ್ರೇಕ್ ಹುಡುಕ್ತೈತಿ."

ಇಲ್ಲಿ ಕನ್ನಡದವರು ಸೇರಿದರೆ ನಾನು ಬೆಂಗಳೂರಿನವಳ ಹಾಗೆ ಮಾತಾಡುತ್ತೇನೆ. ಅಣ್ಣ ಬಂದ ಮೂರನೇ ದಿನಕ್ಕೆ ನಾಲಿಗೆ ಊರಿಗೆ ಮರಳಿತ್ತು.

ಮೊದಲ ಗೇಟು ಬಂತು. ಅಣ್ಣ ಇಳಿದು ಹೋದ. ಚಿಲಕ ಎದೆ ಮಟ್ಟದಲ್ಲಿ ಕಾಣುವಂತೆಯೇ ಇತ್ತು. ಅವನು ಕಂಬವನ್ನು ಮೇಲಿನಿಂದ ಕೆಳಗೆ ಕೈಯಾಡಿಸುತ್ತಾ ನಿಂತ. ಹೊಸ ಥರದ ಚಿಲಕ, ಗೊತ್ತಾಗುತ್ತಿಲ್ಲ ಎಂದುಕೊಂಡು ಹಾರ್ನ್ ಹೊಡೆದು ಛೇಡಿಸಿದೆ. "ಸಾಹೇಬ್ರಿಗೆ ಬಾಗ್ಲ ತೆಗ್ಯಾಕ ಬರಂಗಿಲ್ಲೇನ?"

"ಹಾರ್ನ್ ಹೊಡಿಯೋದು ಚಲೋ ಕಲ್ಸ್ಯಾರ ನಿನಗ" ಎಂದ, ಗೇಟು ತೆಗೆಯುತ್ತಾ.

ಇನ್ನೂ ಮೇಲೆ, ಗೋಡೆ ಬಿದ್ದ ಕಡೆ, ಕೈ ಚಾಚಿ ತೋರಿಸಿದ. "ಎಷ್ಟು ಕುರಿ ಮಲಗ್ಯಾವ ನೋಡು."

"ಅವು ಕಲ್ಲು ಅಣ್ಣ. ಗೋಡಿ ಕುಸದೈತಿ."

ಚಾಚಿದ ಕೈ ಇಳಿಸಿ, "ನಿಮ್ಮ ಊರಾಗ ಕಲ್ಲಿಗೂ ತುಪ್ಪಳ ಬೆಳೀತೈತಿ ಬಿಡು" ಎಂದ. ನಾನು ಗಾಡಿ ನಿಲ್ಲಿಸುವಷ್ಟು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಆ ವಾರವೆಲ್ಲ ಅವನು ಚಹಾ ಬಗ್ಗಿಸುವಾಗ ಕಪ್ಪಿನ ಅಂಚಿಗೆ ಬೆರಳಿಟ್ಟುಕೊಳ್ಳುತ್ತಿದ್ದ. ಅದನ್ನೂ ನೋಡಿದ್ದೆ. ಬರೀ ನೋಡಿದ್ದೆ.

ದಾರಿಯ ಕಠಿಣ ಜಾಗವೆಂದರೆ ತುದಿಗೆ ಹತ್ತಿರ ಬರುವ ಆಳದ ಓಣಿ. ಎರಡೂ ಕಡೆ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಗೋಡೆ, ನಡುವೆ ಮೆಟ್ಟಿಲಿನಂಥ ಬಂಡೆ, ಅದರ ಎಡಕ್ಕೆ ನೀರು ಕೊರೆದ ಕೊರಕಲು. ಗಾಡಿ ನಿಲ್ಲಿಸಿ, "ಅಣ್ಣ, ಮುಂದ ನಿಂತು ದಾರಿ ತೋರಸ್ತೀಯಾ?" ಎಂದೆ.

ಅವನ ಮುಖ ಅರಳಿತು. ಅದನ್ನು ಹೇಗೆ ವರ್ಣಿಸಲಿ? ಬಂದಾಗಿನಿಂದ ನಮ್ಮ ಮನೆಯಲ್ಲಿ ಅವನಿಗೆ ಮಾಡಲು ಕೆಲಸವಿರಲಿಲ್ಲ. ಜಿಗಿದಿಳಿದು, ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಏಟು ಕೊಟ್ಟ. ಕ್ಲೀನರುಗಳ ಭಾಷೆಯಲ್ಲಿ ಎರಡು ಏಟೆಂದರೆ ಹೊರಡು, ಒಂದೆಂದರೆ ನಿಲ್ಲು. ಬಂಡೆಯ ಆಚೆ ಹತ್ತಿ ನನ್ನ ಕಡೆ ತಿರುಗಿ ನಿಂತು ಎರಡೂ ಕೈ ಎತ್ತಿದ.

"ಬರ್ಲಿ... ಬರ್ಲಿ... ಎಡಕ್ಕ ತಗೋ. ಇನ್ನೊಂಚೂರು ಎಡಕ್ಕ. ಬರ್ಲಿ!"

ಎಡಕ್ಕೆ ಕೊರಕಲಿದೆ ಎಂದು ನನಗೆ ಗೊತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೆ. ಆದರೆ ಲಾರಿಯನ್ನು ಸಂದಿಯಿಂದ ರಿವರ್ಸಿನಲ್ಲಿ ತೆಗೆಸಿದ ಕೈಗಳು ಅವು. ನನ್ನ ಕಣ್ಣಿಗಿಂತ ಆ ಕೈಗಳನ್ನು ನಂಬಿದೆ. ಎಡಕ್ಕೆ ತಿರುಗಿಸಿದೆ. ಮುಂದಿನ ಚಕ್ರ ಕುಸಿದು, ಗಾಡಿ ಪಕ್ಕಕ್ಕೆ ವಾಲಿ, ಕನ್ನಡಿ ಗೋಡೆಗೆ ಒರಗಿ ಪಟ್ಟೆಂದು ಒಡೆಯಿತು. ಎಂಜಿನ್ ನಿಂತಿತು.

ವಾಲಿದ ಗಾಜಿನಾಚೆ ಅಣ್ಣ ಕಂಡ. ಅವನ ಕೈಗಳು ಇನ್ನೂ ಆಡುತ್ತಿದ್ದವು. "ಬರ್ಲಿ... ಬರ್ಲಿ..." ಗಾಡಿ ಕೊರಕಲಿನಲ್ಲಿ ಮಲಗಿದೆ, ಅವನು ಎಂಟು ಹೆಜ್ಜೆ ದೂರದಲ್ಲಿ ನಿಂತು ನಗುಮುಖದಿಂದ ನನ್ನನ್ನು ಕರೆಯುತ್ತಲೇ ಇದ್ದಾನೆ.

ಎಂಜಿನ್ನಿನ ಸದ್ದು ನಿಂತದ್ದು ಆಮೇಲೆ ಕಿವಿಗೆ ಬಿದ್ದಿರಬೇಕು. ಕೈಗಳು ನಿಧಾನವಾಗಿ ಕೆಳಗಿಳಿದವು. "ಏನಾತವ್ವ?" ಎಂದ.

ನಾನು ಬಲಗಡೆಯ ಬಾಗಿಲಿನಿಂದ ಮೇಲಕ್ಕೆ ಹತ್ತಿ ಇಳಿದೆ. ನನ್ನ ಗಾಬರಿ ಗಾಡಿಯದ್ದಾಗಿರಲಿಲ್ಲ. "ಚಕ್ರ ಇಳದೈತಿ" ಎಂದಷ್ಟೇ ಹೇಳಿದೆ.

ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಕೆಸರಿನಲ್ಲಿ ಮಲಗಿ ಗಾಡಿಯ ಅಡಿಗೆ ಕೈ ಹಾಕಿದ. ಆಕ್ಸಲ್ ಎಲ್ಲಿ ಕೂತಿದೆ, ಕಲ್ಲು ಎಲ್ಲಿ ತಾಗಿದೆ ಎಂದು ಬೆರಳಿನಿಂದಲೇ ಓದಿದ. ಕಣ್ಣು ಮುಚ್ಚಿಕೊಂಡಿದ್ದ. "ಚಪ್ಪಟಿ ಕಲ್ಲು ಕೊಡು. ಇದಲ್ಲ, ಇನ್ನೂ ದಪ್ಪಂದು." ಗೋಡೆಯಿಂದ ಉದುರಿದ್ದ ಕಲ್ಲುಗಳನ್ನು ನಾನು ತಂದು ಕೊಟ್ಟೆ, ಅವನು ಒಂದೊಂದನ್ನೂ ತಡವಿ ನೋಡಿ ಚಕ್ರದಡಿ ಜೋಡಿಸಿದ. ನನ್ನನ್ನು ಹತ್ತಿಸಿ, ತಾನು ಬಾಗಿಲಿನ ಹೊರಗೆ ಕಿವಿಗೊಟ್ಟು ನಿಂತ.

"ಫೋರ್-ವೀಲ್ ಹಾಕು. ಲೋ ಗೇರು. ಆಕ್ಸಿಲೇಟರ್ ಒತ್ತಬ್ಯಾಡ, ಎಂಜಿನ್ ತಾನ ಎಳೀತೈತಿ. ಕ್ಲಚ್ ಬಿಡು, ಬಿಡು... ಹಾಂ, ಕೇಳಿದ್ಯಾ? ಈಗ ಕಚ್ಚೈತಿ. ಸುಮ್ನ ಇರು."

ಗಾಡಿ ಒಮ್ಮೆ ನರಳಿ, ಕಲ್ಲು ಹತ್ತಿ, ದಾರಿಗೆ ಬಂತು. ಅಣ್ಣ ಅಂಗೈಯಿಂದ ಒಂದು ಏಟು ಹೊಡೆದ.

ತುದಿಯಲ್ಲಿ ಗಾಡಿ ನಿಲ್ಲಿಸಿ ಗೋಡೆಯ ಮೇಲೆ ಕೂತೆವು. ಕೆಳಗೆ ಚೆಷರ್ ಬಯಲು ಬಿಸಿಲಿನಲ್ಲಿ ಹರಡಿತ್ತು. ಡಬ್ಬಿಯಲ್ಲಿ ರೊಟ್ಟಿ, ಕೆಂಪು ಚಟ್ನಿ ಇತ್ತು. ಇಬ್ಬರೂ ಮುಟ್ಟಲಿಲ್ಲ.

"ಎಷ್ಟ ದಿನಾತು ಅಣ್ಣ?"

ಏನು ಎಂದು ಕೇಳಲಿಲ್ಲ ಅವನು. "ಎರಡು ವರ್ಷ. ಸಕ್ಕರಿ ಕಾಯ್ಲೆ. ಕಣ್ಣಿನ ಹಿಂದಿನ ಪರದಿ ಹಾಳಾಗೈತಂತ. ಬಳ್ಳಾರ್‍ಯಾಗ ಲೇಸರ್ ಮಾಡ್ಯಾರ. ಹ್ವಾದದ್ದು ಬರಂಗಿಲ್ಲ ಅಂದ್ರು."

"ಅತ್ತಿಗಿಗೆ ಗೊತ್ತೈತಾ?"

"ಇಲ್ಲ."

"ಮತ್ತ ವ್ಯಾನು? ಹುಡುಗರನ್ನ ಕುಂದರಿಸ್ಕೊಂಡು?"

"ಆ ದಾರಿ ನನಗ ಬಾಯಿಪಾಠ ತಂಗಿ. ಯಾವ ತಗ್ಗು ಎಲ್ಲೈತಿ ಅಂತ ಕುಂಡಿ ಹೇಳ್ತೈತಿ, ಕಣ್ಣು ಯಾಕ ಬೇಕು?"

"ದಾರಿ ಬಾಯಿಪಾಠ ಇರ್‍ಬಹುದು. ಓಣಿಯಿಂದ ಓಡಿ ಬರೋ ಹುಡುಗ ಬಾಯಿಪಾಠ ಇರಂಗಿಲ್ಲ."

ಅವನು ಬಯಲಿನ ಕಡೆ ಮುಖ ಮಾಡಿದ. ಏನು ಕಾಣುತ್ತಿತ್ತೋ. "ಇನ್ನೊಂದು ವರ್ಷ. ನಿಧಾನ ಹೊಡೀತೀನಿ. ಬೆಳಕು ಬಿದ್ದ ಮ್ಯಾಲೇ ತೆಗೀತೀನಿ."

"ಇವತ್ತು ಬೆಳಕು ಇರಲಿಲ್ಲೇನ?"

ಇಷ್ಟು ಕಠಿಣವಾಗಿ ಅವನೊಂದಿಗೆ ನಾನು ಹಿಂದೆಂದೂ ಮಾತಾಡಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಸೀಸೆಯೊಳಗೆ ಕಸವಿದೆಯೇ ಎಂದು ನೋಡುವವರಿಗೂ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇದೆ, ಪಾಸಾಗದವರನ್ನು ಆ ಕುರ್ಚಿಯಿಂದ ನಾನೇ ಎಬ್ಬಿಸುತ್ತೇನೆ ಎಂದೆ. ಜೂನಿನಲ್ಲಿ ಶಾಲೆ ಶುರುವಾಗುವುದರೊಳಗೆ ಅವನು ಮನೆಯಲ್ಲಿ ಹೇಳಬೇಕು, ಹೇಳದಿದ್ದರೆ ನಾನೇ ಅತ್ತಿಗೆಗೆ ಫೋನು ಮಾಡುತ್ತೇನೆ ಎಂದೆ.

ಅವನು ತಿರುಗಿದ. "ನಿನ್ನ ಓದಿಸಿದ್ದು ನನ್ನ ಕೈಯಾಗಿನ ಸ್ಟೀರಿಂಗ್ ಕಸ್ಕೊಳ್ಳಾಕೇನ?"

"ಹೌದಣ್ಣ. ಇದಕ್ಕೂ ಸೇರಿ."

ಹೇಳಿದ ಮೇಲೆ ನನ್ನ ಬಾಯಿಯೇ ನನ್ನದಲ್ಲ ಅನ್ನಿಸಿತು. ಅವನು ಬೈಯಲಿಲ್ಲ. ಎದ್ದು ಹೋಗಿ ಗಾಡಿಯ ಚಕ್ರಗಳಿಗೆ ಮೆತ್ತಿದ್ದ ಕೆಸರನ್ನು ಕಡ್ಡಿಯಿಂದ ಕೆರೆಯತೊಡಗಿದ. ನಾಲ್ಕೂ ಚಕ್ರ ಮುಗಿಸಿದ ಮೇಲೆ, ಬೆನ್ನು ತಿರುಗಿಸಿಕೊಂಡೇ ಹೇಳಿದ: "ಕಣ್ಣು ಇರೋತನಕ ನಿನ್ನ ಮನಿ ಒಮ್ಮೆ ನೋಡಿ ಬರಾಣ ಅಂತ ಬಂದಿದ್ದೆ. ನೋಡಿದೆ. ಚಲೋ ಐತಿ."

ಆ ವಾರ ಶೆಫೀಲ್ಡಿಗೆ ಕರೆದುಕೊಂಡು ಹೋದೆ. ಅಲ್ಲಿ ನನಗೊಬ್ಬ ಗೆಳತಿ, ಹೊಸಪೇಟೆಯವಳು, ಕಣ್ಣಿನ ಡಾಕ್ಟರು. ಅತ್ತಿಗೆಗೆ ತಿಳಿಯದಂತೆ ಬ್ಯಾಗಿನ ತಳದಲ್ಲಿ ಅವನು ತಂದಿದ್ದ ರಿಪೋರ್ಟುಗಳನ್ನು ಅವಳ ಅಡುಗೆಮನೆಯ ಮೇಜಿನ ಮೇಲೆ ಹರಡಿದೆವು. ಏನಾದರೂ ಆಸೆಯ ಮಾತು ಹೇಳುತ್ತಾಳೆಂದು ಅವನೂ ಕಾದ, ನಾನೂ ಕಾದೆ. ಅವಳು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದಿಟ್ಟು, "ಭಾಯಿ, ಇನ್ನು ಗಾಡಿ ಮುಟ್ಟಬೇಡಿ" ಎಂದಳು.

"ಆತ್ರೀ ಡಾಕ್ಟ್ರೇ" ಎಂದು ಅಣ್ಣ ಕೈ ಮುಗಿದ. ನನ್ನೊಂದಿಗೆ ಜಗಳವಾಡಿದವನು ಅವಳಿಗೆ ಎದುರಾಡಲಿಲ್ಲ. ಅವನು ಜಗಳವಾಡಿದ್ದರೇ ಚೆನ್ನಾಗಿತ್ತು.

ಊರಿಗೆ ಹೋಗಿ ಅವನೇ ಮನೆಯಲ್ಲಿ ಹೇಳಿದ. ಪಕ್ಕದ ಬೀದಿಯವನಿಗೆ ವ್ಯಾನು ಒಪ್ಪಿಸಿದ. ಮೂರು ತಿಂಗಳು ನನ್ನ ಫೋನಿಗೆ ಬರಲಿಲ್ಲ. "ಮಲಗ್ಯಾರ", "ಗುಡಿಗೆ ಹೋಗ್ಯಾರ" ಎಂದು ಅತ್ತಿಗೆ ಹೇಳುತ್ತಿದ್ದಳು. ಅವಳ ಪಕ್ಕದಲ್ಲೇ ಅವನು ಕೆಮ್ಮುವುದು ಕೇಳಿಸುತ್ತಿತ್ತು. ನಾನು ಮಾಡಿದ್ದು ಸರಿ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಅದರಿಂದ ಎದೆ ಹಗುರಾಗಲಿಲ್ಲ.

ಮರುವರ್ಷ ಊರಿಗೆ ಹೋದೆ. ಹೊಸಪೇಟೆ ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಅವನೊಬ್ಬನೇ ಬಸ್ಸು ಹತ್ತಿ ಬಂದಿದ್ದ. ನಾನು ಎದುರಿಗೇ ಹೋಗಿ ನಿಂತೆ. ಅವನು ನನ್ನ ಭುಜದ ಆಚೆ, ಇಳಿಯುತ್ತಿದ್ದ ಜನರನ್ನು ನೋಡುತ್ತಿದ್ದ. "ಅಣ್ಣ" ಎಂದೆ. ಕಣ್ಣು ತುಸು ತಡವಾಗಿ ಬಂದು ನನ್ನ ಮುಖ ಹುಡುಕಿತು. "ಬಂದ್ಯಾ?" ಎಂದು ಪೆಟ್ಟಿಗೆಗೆ ಕೈ ಚಾಚಿದ. ನಾನು ಹಿಡಿಕೆಯನ್ನು ಅವನ ಕೈಗೆ ಮುಟ್ಟಿಸಿದೆ.

ಸಂಡೂರು ತಲುಪಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಶಾಲೆ ಬಿಡುವ ಹೊತ್ತು. ನಮ್ಮ ಬೀದಿಯ ಏರಿನಲ್ಲಿ ಹಿಂದಿನಿಂದ ಒಂದು ಗಾಡಿ ಬಂತು. ಅಣ್ಣ ನಿಂತ. ತಿರುಗಿ ನೋಡಲಿಲ್ಲ, ತಲೆ ಬಗ್ಗಿಸಿ ಕೇಳಿಸಿಕೊಂಡ.

"ನಮ್ಮ ವ್ಯಾನು" ಎಂದ. "ಥರ್ಡಿನ್ಯಾಗ ಏರಸಾಕ ಹತ್ಯಾನ. ಈ ಏರಿಗೆ ಸೆಕೆಂಡ್ ಹಾಕು ಅಂತ ಎಷ್ಟು ಸಲ ಹೇಳೀನಿ."

ವ್ಯಾನು ನಮ್ಮನ್ನು ದಾಟಿತು. ಒಳಗೆ ಮಕ್ಕಳು ಕೂಗಾಡುತ್ತಿದ್ದರು, ಕಿಟಕಿಯಿಂದ ಒಂದು ಕೈ ಅಣ್ಣನ ಕಡೆ ಬೀಸಿತು. ಅವನು ಬೇರೆ ದಿಕ್ಕಿಗೆ ಕೈ ಎತ್ತಿದ.

"ಎಲ್ಲಾರೂ ಕುಂತಾರಾ? ಬಾಗ್ಲದಾಗ ಯಾರೂ ನಿಂತಿಲ್ಲಲ್ಲ?"

"ಎಲ್ಲಾರೂ ಕುಂತಾರಣ್ಣ."

"ನಿನಗ ಕಾಣತೈತಿ, ಸರಿಯಾಗಿ ನೋಡು."

ನಾನು ಸರಿಯಾಗಿ ನೋಡಿದೆ. ವ್ಯಾನು ತಿರುವಿನಲ್ಲಿ ಮರೆಯಾಗುವತನಕ ನೋಡಿ, "ಎಲ್ಲಾರೂ ಕುಂತಾರ" ಎಂದು ಇನ್ನೊಮ್ಮೆ ಹೇಳಿದೆ.