ಸವಡಿ ಕೆರಿ ಬೇವಿನ ಸಸಿ

ಗೆಳೆಯರ, ಇದನ್ನೊಂಚೂರು ಕೇಳ್ರಿ. ಸವಡಿ ಕೆರಿ ದಂಡಿಗೆ ನಮ್ಮ ಗಿಡ ಕಾಯೋ ಸಂಘದವರು ಹಚ್ಚಿದ ಬೇವಿನ ಸಸಿ ಐತೆಲ್ಲ, ಇವತ್ತ ಮುಂಜಾನೆ ಸಂಘದ ಅಧ್ಯಕ್ಷ ಗೌಡ್ರು ಮತ್ತ ಕಾರ್ಯದರ್ಶಿ ಅದರ ಟೊಂಗಿ ಮುರಕೊಂಡು ಹಲ್ಲು ತಿಕ್ಕಾಕತ್ತಿದ್ರು. ಇದೇ ಸಸಿ ತಿಂದೈತಿ ಅಂತ ನಿನ್ನಿ ನಮ್ಮೂರ ಫಕೀರವ್ವನ ಹಾಲಿನ ಆಡನ್ನ, ಬೆಳಿ ಮೇಯ್ದ ದನ ಕೂಡಿಹಾಕೋ ಕೊಂಡವಾಡಕ್ಕ ಹಾಕಿಸಿದವರೂ ಅವರ.

“ಇದೇನ್ರಿ ಗೌಡ್ರ?” ಅಂದೆ.

“ನಸುಕಿನ್ಯಾಗ ಸಸಿ ಕಾಯಾಕ ಬಂದೇವಿ. ಹಲ್ಲು ಯಾವಾಗ ತಿಕ್ಕೂಣು?”

ಆಡು ಬಿಡಿಸ್ರಿ ಅಂತ ಬೇಡಾಕ ಬಂದಿದ್ದ ಫಕೀರವ್ವ, “ನನ್ನ ಆಡೂ ಹಲ್ಲು ತಿಕ್ಕಾಕ ಬಂದಿತ್ರಿ ಯಪ್ಪಾ” ಅಂದ್ಳು.

“ಆಡು ಸಂಘದ ಸದಸ್ಯ ಅಲ್ಲ” ಅಂದ್ರು ಗೌಡ್ರು, ಉಗುಳಿ.

ಆಡು ಇನ್ನೂ ಕೊಂಡವಾಡದಾಗ ಐತಿ, ಅದರ ಮರಿ ಮನ್ಯಾಗ ಒದರಾಕತ್ತೈತಿ. ನೀವ್ಯಾರೂ ಸದ್ಯಕ್ಕ ಸಂಘ ಸೇರಬ್ಯಾಡ್ರಿ. ಸಸಿಗೆ ಉಳಿದಿರೋದು ಒಂದ ಟೊಂಗಿ.