ಬೀಗದಣ್ಣನ ಎರಡು ಫ್ಲಾಟ್‌ಗಳು

ಬೀಗ ರಿಪೇರಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಬೀಗದಣ್ಣ. ಔಷಧಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಗೂಡಿನಲ್ಲಿ ಅವನ ಅಂಗಡಿ. ಗಿರಾಕಿ ಒಳಗೆ ಬಂದರೆ ಅವನು ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಇಬ್ಬರ ಮೊಣಕಾಲೂ ಡಿಕ್ಕಿ ಹೊಡೆಯುತ್ತಿದ್ದವು. ಯಾವ ಬೀಗ ತಂದುಕೊಟ್ಟರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸುವನು. ಒಳಗಿನ ಸಣ್ಣ ಟಕ್ ಟಕ್ ಕೇಳಿದರೆ ಸಾಕು, ರೋಗ ಎಲ್ಲಿದೆ ಎಂದು ತಿಳಿಯುತ್ತಿತ್ತು.

ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದ. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು; ಮೆಷಿನ್ ತುಳಿಯುತ್ತಲೇ ತಮ್ಮನಿಗೂ ಎರಡು ಮಾತು ಹೊಲಿಯುತ್ತಿದ್ದಳು. “ಊರವರ ಬಾಗಿಲೆಲ್ಲ ತೆಗೀತೀಯ, ನಿನ್ನ ಬಾಯಿ ಮಾತ್ರ ತೆಗಿಯಲ್ಲ. ಹೀಗಾದ್ರೆ ಯಾರು ಬರ್ತಾರೆ ನಿನ್ನ ಹತ್ರ?” ಅವನು ನಕ್ಕು ಸುಮ್ಮನಾಗುವನು.

ಇಂಗ್ಲಿಷ್ ಅವನಿಗೆ ಗಿರಾಕಿಗಳ ಬಾಯಿಂದ ಬಿದ್ದಷ್ಟು, ಬೀಗದ ಡಬ್ಬಿಗಳ ಮೇಲೆ ಬರೆದಿದ್ದಷ್ಟು. ಒಂದು ಬೀಗಕ್ಕೆ ಒಂದು ಕೀ, ಒಂದು ಪದಕ್ಕೆ ಒಂದು ಅರ್ಥ ಎಂದು ನಂಬಿ ಆರಾಮವಾಗಿದ್ದ.

ಒಂದು ಬೆಳಗ್ಗೆ ಫೋನ್ ಬಂತು. ಹೆಂಗಸಿನ ದನಿ. “ಕೀ ರಿಪೇರಿ ಮಾಡೋರು ನೀವೇನಾ? ಸ್ಟೇಷನರಿ ಅಂಗಡಿಯವರು ನಿಮ್ಮ ನಂಬರ್ ಕೊಟ್ರು. ನಮ್ಮನೇಲಿ ಒಂದು ಕೀ ಮುರಿದು ಒಳಗೇ ಕೂತುಬಿಟ್ಟಿದೆ.”

ಮುರಿದ ಕೀ ಹೊರತೆಗೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಚೀಲ ಹೆಗಲಿಗೇರಿಸಿ ಹೊರಟ. ಹಿಂದಿನ ಬೀದಿಯ ಹಸಿರು ಬಾಗಿಲಿನ ಮನೆ. ಬಾಗಿಲು ಮುಚ್ಚಿತ್ತು. ಕಾಯುವುದೇಕೆಂದು ಅಲ್ಲೇ ಮಂಡಿಯೂರಿ ಸ್ಕ್ರೂಗಳನ್ನು ಬಿಚ್ಚತೊಡಗಿದ. ಅರ್ಧ ಬೀಗ ಕೈಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಎತ್ತರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡಿದ್ದಳು. ಹತ್ತಿರದ ಶಾಲೆಯಲ್ಲಿ ಸಂಗೀತ ಕಲಿಸುವ ಟೀಚರ್, ಆ ಮನೆಯಲ್ಲಿ ಒಬ್ಬಳೇ ಇರುವವಳು.

“ಬಾಗಿಲಿಗೇನಾಯ್ತು?” ಎಂದಳು.

“ಕೀ ಮುರಿದಿದೆ ಅಂದ್ರಲ್ಲ.”

“ಅದು ಒಳಗಿದೆ.”

“ಬೀರೂದಾ?”

“ಅಲ್ಲ, ಪಿಯಾನೋದು.”

ಬೀಗದಣ್ಣ ತಲೆದೂಗಿದ. “ಪಿಯಾನೋಗೂ ಬೀಗ ಹಾಕ್ತೀರಾ? ಒಳ್ಳೇದೇ. ಈಗ ಯಾರನ್ನೂ ನಂಬೋ ಹಾಗಿಲ್ಲ.”

ಟೀಚರ್ ಬಾಗಿಲ ಚೌಕಟ್ಟು ಹಿಡಿದು ನಗಲಾರಂಭಿಸಿದಳು. ನಕ್ಕು ನಕ್ಕು ಹೊಸ್ತಿಲ ಮೇಲೇ ಕೂತಳು. ಅವನಿಗೆ ಅವಮಾನವೆನಿಸಬೇಕಿತ್ತು, ಆದರೆ ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ, ಗೋಡೆಗೊರಗಿದ್ದ ಕಂದು ಪಿಯಾನೋದ ಮುಚ್ಚಳ ಎತ್ತಿ, ಕಪ್ಪು ಬಿಳುಪು ಪಟ್ಟಿಗಳ ಸಾಲು ತೋರಿಸಿದಳು. “ಇವೆಲ್ಲ ಕೀಗಳೇ. ನಡುವಿನದೊಂದು ಮುರಿದಿದೆ.”

“ಇಷ್ಟೊಂದು ಕೀಗೆ ಬೀಗ ಎಲ್ಲಿದೆ?” ಎಂದ. ಈ ಸಲ ಅವನೂ ನಕ್ಕ.

ಪಿಯಾನೋ ಅವಳ ಸೋದರತ್ತೆಯದು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಊರು ಬಿಟ್ಟು ಮಗಳ ಮನೆ ಸೇರಿದ್ದ. ಭಾನುವಾರ ಅವಳ ಹತ್ತಿರ ಕಲಿಯುವ ಮಕ್ಕಳು ಇದೇ ಪಿಯಾನೋದಲ್ಲಿ ತಂದೆ ತಾಯಿಯರೆದುರು ನುಡಿಸಬೇಕಿತ್ತು. “ಪರವಾಗಿಲ್ಲ, ನೀವೇನು ಮಾಡೋಕಾಗುತ್ತೆ” ಎಂದು ಟೀಚರ್ ನಿಟ್ಟುಸಿರಿಟ್ಟಳು.

ಬೀಗದಣ್ಣ ಬಗ್ಗಿ ಒಳಗೆ ಇಣುಕಿದ. “ಮರ, ಮೊಳೆ, ಗೋಂದು. ಮನುಷ್ಯ ಮಾಡಿದ್ದೇ ತಾನೆ? ನೋಡೋಣ.”

ಮುಂದಿನ ಹಲಗೆ ಬಿಚ್ಚಿ ಮುರಿದ ಪಟ್ಟಿಯನ್ನು ಹೊರಗೆಳೆದ. ಮೇಲೆ ಕಂಡದ್ದು ಗೇಣುದ್ದವೂ ಇಲ್ಲ. ಒಳಗೆ ಮಾತ್ರ ಮೊಳದುದ್ದದ ಮರದ ಕಡ್ಡಿ, ನಡುವಿನ ತೂತಿನ ಹತ್ತಿರ ಸೀಳಿತ್ತು. ಗೋಂದು ತುಂಬಿ, ದಾರ ಸುತ್ತಿ, ಬಿಗಿದಿಟ್ಟು ಹೋದ. ಮರುದಿನ ಬಂದು ಜಾಗದಲ್ಲಿ ಕೂರಿಸಿ ಒತ್ತಿದಾಗ, ಒಳಗಿನಿಂದ ಬಿಳಿ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿಯಿತು. ಅವನಿಗೆ ರೋಮಾಂಚನವಾಯಿತು.

“ಇದಕ್ಕೇನಂತಾರೆ?”

“ಹ್ಯಾಮರ್.”

ಚೀಲದಿಂದ ತನ್ನ ಸುತ್ತಿಗೆ ತೆಗೆದು ಪಕ್ಕದಲ್ಲಿ ಹಿಡಿದ. “ಹಾಗಾದ್ರೆ ನನ್ನ ಹತ್ರ ಇರೋದು ಇದರ ದೊಡ್ಡಪ್ಪ.”

ಭಾನುವಾರ ಸುಸೂತ್ರವಾಗಿ ಕಳೆಯಿತು. ಸೋಮವಾರ ಮತ್ತೆ ಫೋನ್. “ಒಂದು ನೋಟ್ ಸರಿ ಇಲ್ಲ. ಬಿಡುವಾದಾಗ ಬರ್ತೀರಾ?”

ಬೀಗದಣ್ಣನ ಮುಖ ಸಣ್ಣಗಾಯಿತು. ಮೊನ್ನೆ ಚಿಲ್ಲರೆ ಕೊಡುವಾಗ ಖೋಟಾ ನೋಟು ದಾಟಿಸಿಬಿಟ್ಟೆನೇ? ಅಂಗಡಿಗೆ ಕದ ಎಳೆದು, ಗರಿಗರಿ ನೋಟೊಂದನ್ನು ಕೈಯಲ್ಲಿ ಹಿಡಿದೇ ಓಡಿದ. “ತಪ್ಪು ತಿಳ್ಕೋಬೇಡಿ ಟೀಚರೇ. ಯಾರೋ ನನ್ನ ತಲೆಗೆ ಕಟ್ಟಿದ್ದಾರೆ, ನಾನು ಗಮನಿಸಲಿಲ್ಲ. ಇದು ತಗೊಳ್ಳಿ.”

ಟೀಚರ್ ನೋಟು ನೋಡಿದಳು, ಅವನ ಬೆವರು ನೋಡಿದಳು. ಪಿಯಾನೋದ ಒಂದು ಕೀ ಒತ್ತಿದಳು. “ಈ ನೋಟ್ ಅಂದೆ, ಈ ಸ್ವರ.”

ಅವನು ನೋಟನ್ನು ಜೇಬಿಗೆ ತುರುಕಿ, ನಗಲು ಹೊರಟವನು ಅರ್ಧಕ್ಕೇ ನಿಂತ. “ಇನ್ನೊಂದ್ಸಲ ಒತ್ತಿ.” ಒತ್ತಿದಳು. “ಒಳಗೆ ಎರಡು ತಂತಿ ಜಗಳ ಆಡ್ತಿವೆ. ಒಂದು ಮೇಲೆ ಎಳೀತಿದೆ, ಇನ್ನೊಂದು ಬರಲ್ಲ ಅಂತಿದೆ.”

“ನಿಮಗೆ ಅದು ಕೇಳ್ಸುತ್ತಾ?” ಎಂದು ಟೀಚರ್ ಮೊದಲ ಸಲ ಅವನನ್ನು ನೆಟ್ಟ ನೋಟದಿಂದ ನೋಡಿದಳು.

ತಂತಿಗಳನ್ನು ಬಿಗಿಯುವ ಚೌಕ ತಲೆಯ ಗೂಟಗಳಿಗೆ ಸರಿಹೊಂದುವ ಸಾಧನ ಅವನಲ್ಲಿರಲಿಲ್ಲ. ಹಳೆಯ ಸ್ಪ್ಯಾನರ್ ಒಂದನ್ನು ಅರದಿಂದ ಉಜ್ಜಿ ತಾನೇ ಮಾಡಿಕೊಂಡ. ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ಹಸಿರು ಬಾಗಿಲಿನ ಮನೆ. ಅವಳು ಒತ್ತುವಳು, ಅವನು ಕೂದಲೆಳೆಯಷ್ಟು ತಿರುಗಿಸುವನು. “ಸ್ವಲ್ಪ ಮೇಲೆ. ಅಯ್ಯೋ, ಜಾಸ್ತಿ ಆಯ್ತು.” ತಂತಿಗಳು ಒಂದಾದ ಗಳಿಗೆಯಲ್ಲಿ ಇಬ್ಬರೂ ಒಟ್ಟಿಗೆ ತಲೆ ಎತ್ತುವರು. ಒಮ್ಮೆ ಅವಳು ಸ್ಕೇಲ್, ಅಂದರೆ ಸ್ವರಗಳನ್ನು ಸಾಲಾಗಿ, ನುಡಿಸೋಣ ಎಂದಾಗ ಮೇಜಿನ ಮೇಲಿದ್ದ ಮರದ ಅಳತೆಪಟ್ಟಿ ಎತ್ತಿ ಕೊಟ್ಟ. ಅದು ಮಾತ್ರ ಬೇಕೆಂದೇ ಮಾಡಿದ್ದು. ಅವಳು ನಗುವುದನ್ನು ಕೇಳಬೇಕಿತ್ತು.

ಮನೆಯಲ್ಲೂ ಅವನಿಗೆ ಮಾತು ಬಂದಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಅವನಾಗಿಯೇ ಹೇಳಿದ. “ಟೀಚರ್ ಮನೇಲಿ ಇನ್ನು ಎರಡು ಫ್ಲಾಟ್ ಇದೆ ಅಕ್ಕ. ನಾಳೆ ಇಬ್ಬರೂ ಕೂತು ನೋಡ್ತೀವಿ. ಅದೊಂದು ಮುಗಿದ್ರೆ ಎಲ್ಲ ಸರಿಹೋಗುತ್ತೆ.”

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. “ಎರಡಾ?”

“ಹೂಂ, ಎರಡು.”

ಅಕ್ಕ ಊಟ ಮುಗಿಸಿದವಳೇ ಸೀರೆಯ ಪೆಟ್ಟಿಗೆ ತೆರೆದು ಕೂತಳು. ಯಾಕೆಂದು ಅವನಿಗೆ ಹೊಳೆಯಲಿಲ್ಲ.

ಮರುದಿನ ಸಂಜೆ ಚೀಲ ಹಿಡಿದು ಟೀಚರ್ ಮನೆಗೆ ಹೋದರೆ ಒಳಗಿನಿಂದ ಅಕ್ಕನ ದನಿ. ಪೆಟ್ಟಿಗೆಯ ತಳದ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದಳು. “ನನ್ನದೇನೂ ಅಡ್ಡಿ ಇಲ್ಲಮ್ಮ. ಅವನಿಗೆ ನಾನು ತಾಯಿ ಇದ್ದ ಹಾಗೆ. ಮನೆ ನೋಡೋ ಮೊದಲು ಒಂದು ಮಾತು ನನ್ನ ಕಿವಿಗೆ ಹಾಕಬಹುದಿತ್ತು, ಅಷ್ಟೆ. ಆದ್ರೆ ಎರಡು ಫ್ಲಾಟ್ ಯಾಕೆ? ಇಬ್ಬರಿಗೆ ಒಂದು ಸಾಲದಾ?”

ಟೀಚರ್ ಪಿಯಾನೋಕ್ಕೆ ಬೆನ್ನು ಮಾಡಿ ಕೂತಿದ್ದಳು. ಈ ಸಲ ನಗುತ್ತಿರಲಿಲ್ಲ. ಕಿವಿಯವರೆಗೂ ಕೆಂಪೇರಿತ್ತು.

ಬೀಗದಣ್ಣನ ಚೀಲ ಧೊಪ್ಪನೆ ನೆಲಕ್ಕೆ ಬಿತ್ತು. “ಅಕ್ಕ, ಫ್ಲಾಟ್ ಅಂದ್ರೆ ಮನೆ ಅಲ್ಲ. ಸ್ವರ ಇಳಿದ್ರೆ ಹಾಗಂತಾರೆ. ಎರಡು ಸ್ವರ ಇಳಿದಿವೆ, ಅದನ್ನ ಏರಿಸಬೇಕು.”

“ಹಾಗಾದ್ರೆ ಮನೆ ಇಲ್ವಾ?”

“ಇಲ್ಲ.”

“ಮದುವೆನೂ ಇಲ್ವಾ?”

ಅವನು ಬಗ್ಗಿ, ಚೀಲದಿಂದ ಹೊರಬಿದ್ದ ಸುತ್ತಿಗೆ ಎತ್ತಿಕೊಂಡ. ಅಕ್ಕನ ಮುಖ ಬಾಡಿತು. ಸೆರಗು ಸರಿಮಾಡಿಕೊಂಡು ಏಳಲು ಹೊರಟಳು. ಆಗ ಟೀಚರ್ ಮೆಲ್ಲಗೆ ಹೇಳಿದಳು. “ಕೂತ್ಕೊಳ್ಳಿ ಅಕ್ಕ. ಮನೆ ಇದೆಯಲ್ಲ, ಇದೇ ಇದೆ. ಇನ್ನೊಂದು ಮಾತನ್ನ ಅವರನ್ನೇ ಕೇಳಿ.”

ತನ್ನ ಹಾಗೆಯೇ ಅವಳೂ ‘ಅಕ್ಕ’ ಎಂದಳು ಎಂಬುದು ಅವನಿಗೆ ಒಂದು ಕ್ಷಣ ತಡವಾಗಿ ಕೇಳಿಸಿತು. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು ನೆಟ್ಟಗೆ ನಿಂತ. “ನೀನು ಇಷ್ಟು ದೂರ ಬಂದಿದ್ದೀಯ ಅಕ್ಕ,” ಎಂದ ಕೊನೆಗೆ, “ಬರಿಗೈಲಿ ಹೇಗೆ ಕಳಿಸಲಿ?”

ಇಷ್ಟು ದೂರ ಎಂದರೆ ಒಂದೇ ಬೀದಿ. ಅಕ್ಕ ಅಳುತ್ತಾ ನಗುತ್ತಾ ಇಬ್ಬರ ಬೆನ್ನಿಗೂ ಒಂದೊಂದು ಗುದ್ದು ಕೊಟ್ಟಳು.

ಮದುವೆ ಸರಳವಾಗಿ ನಡೆಯಿತು. ಪಿಯಾನೋ ಆ ಬೀಗದ ಅಂಗಡಿಯ ಮೇಲಿನ ಕೋಣೆಗಳ ಮೆಟ್ಟಿಲು ಹತ್ತುವಂಥದಲ್ಲ. ಹಾಗಾಗಿ ಅಕ್ಕನ ಹೊಲಿಗೆ ಮೆಷಿನ್ನೇ ಹಸಿರು ಬಾಗಿಲಿನ ಮನೆಗೆ ಬಂತು. ಕಲಿಯಲು ಬಂದ ಮಕ್ಕಳು ತಪ್ಪಿದಲ್ಲೇ ಮತ್ತೆ ಮತ್ತೆ ತಪ್ಪಿದರೆ ಒಳಕೋಣೆಯಿಂದ ಅಕ್ಕ ಗದರುವಳು: “ಇವತ್ತಾದ್ರೂ ಆ ತಪ್ಪು ದಾಟಿ ಮುಂದೆ ಹೋಗಪ್ಪ.”

ಬೀಗದಣ್ಣನ ಕಿವಿಯ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಶಾಲೆಯ ಪಿಯಾನೋ ಸರಿಮಾಡಿದ. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಮೊನ್ನೆ ಬೇರೆ ಊರಿನ ಸಭಾಂಗಣದವರು ಕರೆದರು. ಅಲ್ಲಿಯದು ಬಾಗಿಲಿನಷ್ಟು ಅಗಲದ ಮುಚ್ಚಳದ, ದೊಡ್ಡ ಪಿಯಾನೋ. ಅಂಥದನ್ನು ಅವನು ಚಿತ್ರದಲ್ಲಿ ಮಾತ್ರ ನೋಡಿದ್ದ. “ಒಬ್ಬನೇ ಹೋಗಲಾರೆ” ಎಂದ. ಹೆಂಡತಿ ಶಾಲೆಗೆ ರಜೆ ಹಾಕಿದಳು. ಅಕ್ಕ ಮೂವರಿಗೂ ಬುತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದಳು.